ಫೋನ್ ಎತ್ತದ ರಿಕ್ರೂಟರ್‌ಗಳು, ಯಾರ್ಡ್‌ನಲ್ಲಿ ನಿಂತ ಲಾರಿ: ಒಂದು ಪ್ರಕರಣ

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಾನು ಸಣ್ಣ ಲಾರಿ ಮಾಲೀಕರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 65, 69, 70, 74 ಹೀಗೆ ನಾಲ್ಕು ಇಂಟರ್‌ಸ್ಟೇಟ್ ಹೆದ್ದಾರಿಗಳು ಕೂಡುವ ಊರು ಇದು. ನನ್ನ ಹತ್ತಿರ ಬರುವವರಲ್ಲಿ ಪಂಜಾಬಿಗಳೇ ಜಾಸ್ತಿ. ಕನ್ನಡದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಅಣ್ಣ ಅಂತ ಬರೆಯುತ್ತೇನೆ. ನಾನು ಅವರನ್ನು ಕರೆಯುವುದೂ ಹಾಗೆಯೇ.

ಹಿನ್ನೆಲೆ

ಅಣ್ಣ ಉತ್ತರ ಕರ್ನಾಟಕದವರು. ಮೊದಲು ಕೆಲವು ವರ್ಷ ಕೊಲ್ಲಿ ದೇಶದಲ್ಲಿ ಟ್ರೇಲರ್ ಓಡಿಸಿದ್ದರು. ಹೆಂಡತಿ ನರ್ಸ್. ಅವರ ಕೆಲಸದ ಮೇಲೆ ಕುಟುಂಬ ಅಮೆರಿಕಕ್ಕೆ ಬಂತು. ಇಲ್ಲಿ ಟ್ರೇಲರ್ ಲಾರಿ ಓಡಿಸಲು ಬೇಕಾದ ಕ್ಲಾಸ್ ಎ ಲೈಸೆನ್ಸ್ ತೆಗೆದುಕೊಂಡು, 2019ರಲ್ಲಿ ಒಂದು ದೊಡ್ಡ ಕಂಪನಿಗೆ ಚಾಲಕರಾಗಿ ಸೇರಿದರು. ಕಂಪನಿ ಲಾರಿ, ಮೈಲಿಗೆ ಇಷ್ಟು ಅಂತ ಸಂಬಳ. ನಾಲ್ಕು ವರ್ಷದಲ್ಲಿ ಒಂದೂ ಅಪಘಾತ ಇಲ್ಲ.

2023ರ ಫೆಬ್ರವರಿಯಲ್ಲಿ ಊರಿಂದ ಫೋನ್ ಬಂತು. ಅವ್ವನಿಗೆ ಪಾರ್ಶ್ವವಾಯು. ಅಣ್ಣ ಆಗ ಲೋಡ್ ಇಳಿಸಿ ಬೇರೆ ರಾಜ್ಯದಲ್ಲಿದ್ದರು. ಕಂಪನಿಯಲ್ಲಿ ಲೋಡ್ ಹಂಚುವ ಡಿಸ್ಪ್ಯಾಚರ್‌ಗೆ ಹೇಳಿ, ಹತ್ತಿರದಲ್ಲೇ ಇದ್ದ ಅದೇ ಕಂಪನಿಯ ಯಾರ್ಡ್‌ನಲ್ಲಿ ಲಾರಿ ನಿಲ್ಲಿಸಿ, ಕೀಲಿ ಕೊಟ್ಟು ವಿಮಾನ ಹತ್ತಿದರು. ನಾಲ್ಕು ತಿಂಗಳು ಅವ್ವನ ಹತ್ತಿರ ಇದ್ದರು. ವಾಪಸ್ ಬಂದದ್ದು ಜೂನ್‌ನಲ್ಲಿ. ಮತ್ತೆ ಕಂಪನಿ ಚಾಲಕ ಆಗುವುದು ಬೇಡ, ಸ್ವಂತ ಲಾರಿ ಮಾಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು. ಬೇಕಾದಾಗ ಊರಿಗೆ ಹೋಗಿ ಬರಲು ಯಾರನ್ನೂ ಕೇಳಬೇಕಿಲ್ಲ ಅನ್ನುವುದೇ ಅವರಿಗೆ ಮುಖ್ಯವಾಗಿತ್ತು.

ಸ್ವಂತ ಲಾರಿ ಇಟ್ಟುಕೊಂಡು ದುಡಿಯುವವರಿಗೆ ಇಲ್ಲಿ ಓನರ್-ಆಪರೇಟರ್ ಅಂತಾರೆ. ಹಾಗೆ ಆಗಲು ಎರಡು ದಾರಿ. ಒಂದು, ಸ್ವಂತ ಎಂಸಿ ನಂಬರ್. ಅಂದರೆ ಕೇಂದ್ರದ ಎಫ್‌ಎಂಸಿಎಸ್‌ಎ ಇಲಾಖೆಯಿಂದ ಸ್ವಂತ ಸಾಗಣೆ ಪರವಾನಗಿ ಪಡೆದು, ಸ್ವಂತ ಇನ್ಶೂರೆನ್ಸ್ ಮಾಡಿಸಿ, ಸರಕು ಸಾಗಣೆಯ ದಲ್ಲಾಳಿಗಳಾದ ಬ್ರೋಕರ್‌ಗಳಿಂದ ಲೋಡ್ ಹಿಡಿಯುವುದು. ಇನ್ನೊಂದು, ಲೀಸ್-ಆನ್. ಲಾರಿ ನಿಮ್ಮದು, ಪರವಾನಗಿ ಕಂಪನಿಯದು. ಅವರ ಲೋಡ್ ಎಳೆಯುತ್ತೀರಿ, ಬಾಡಿಗೆಯಲ್ಲಿ ನಿಮಗೆ ಪಾಲು. ಹೊಸಬರಿಗೆ ಎರಡನೆಯದೇ ವಾಸಿ ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಆ ಬಾಗಿಲಲ್ಲಿ ಕೂತಿರುವವರು ರಿಕ್ರೂಟರ್‌ಗಳು, ಅಂದರೆ ಕಂಪನಿಗೆ ಚಾಲಕರನ್ನು ಹುಡುಕಿ ಸೇರಿಸುವವರು. ಅವರನ್ನು ದಾಟದೆ ಒಳಗೆ ಹೋಗಲು ಆಗುವುದಿಲ್ಲ.

ಜುಲೈ ಕೊನೆಯ ವಾರ ಅಣ್ಣ 2015ರ ಮಾಡೆಲ್‌ನ ಸ್ಲೀಪರ್ ಲಾರಿ ಕೊಂಡರು. ಸ್ವಲ್ಪ ಕೈಯಿಂದ, ಉಳಿದದ್ದು ಸಾಲ. ತಿಂಗಳ ಕಂತು 1,150 ಡಾಲರ್. ಸಾಲದ ಕಾಗದ ನೋಡಿ "ಕಂತು ಕಟ್ಟಬಹುದು" ಅಂತ ಹೇಳಿದವನು ನಾನೇ. ಯಾವ ಕಂಪನಿಗೆ ಹಚ್ಚುತ್ತೀರಿ, ಆ ಕಂಪನಿ ಎಷ್ಟು ಹಳೆಯ ಲಾರಿಯನ್ನು ಒಪ್ಪುತ್ತದೆ ಅಂತ ಕೇಳಲಿಲ್ಲ. ಅವತ್ತು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ಸಮಸ್ಯೆ

ಲಾರಿ ಬಂದ ದಿನ ರಾತ್ರಿಯೇ ಅಣ್ಣ ನೆಟ್‌ನಲ್ಲಿ ಒಂದು ಫಾರ್ಮ್ ತುಂಬಿದರು. "ಓನರ್-ಆಪರೇಟರ್ ಬೇಕಾಗಿದ್ದಾರೆ" ಅನ್ನುವ ಜಾಹೀರಾತು. ಹೆಸರು, ಫೋನ್, ಎಷ್ಟು ವರ್ಷದ ಅನುಭವ. ಇಂಥ ಫಾರ್ಮ್‌ಗಳಲ್ಲಿ ಬಹಳಷ್ಟು ಒಂದೇ ಕಂಪನಿಯದಲ್ಲ. ತುಂಬಿದ ವಿವರ ಹಲವು ಕಂಪನಿಗಳಿಗೆ ಮಾರಾಟ ಆಗುತ್ತದೆ. ಮರುದಿನ ಬೆಳಿಗ್ಗೆಯಿಂದ ಎರಡು ದಿನ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಹದಿನಾಲ್ಕು ರಿಕ್ರೂಟರ್‌ಗಳ ಹೆಸರನ್ನು ಅಣ್ಣ ಮಗಳ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ಎಲ್ಲರದೂ ಸಿಹಿ ಮಾತು. "ಮುಂದಿನ ಸೋಮವಾರವೇ ಓರಿಯೆಂಟೇಶನ್‌ಗೆ ಬನ್ನಿ" ಅಂದವರೂ ಇದ್ದರು. ಓರಿಯೆಂಟೇಶನ್ ಅಂದರೆ ಹೊಸಬರನ್ನು ಸೇರಿಸಿಕೊಳ್ಳುವಾಗ ಕಂಪನಿ ಕೊಡುವ ಪರಿಚಯ ತರಬೇತಿ. ಒಂಬತ್ತು ಕಡೆ ಪೂರ್ತಿ ಅರ್ಜಿ ತುಂಬಿದರು.

ಆಮೇಲೆ ಸದ್ದಿಲ್ಲ. ಫೋನ್ ಮಾಡಿದರೆ ವಾಯ್ಸ್‌ಮೇಲ್. ಮೆಸೇಜ್ ಹಾಕಿದರೆ ಉತ್ತರ ಇಲ್ಲ. ಇಲ್ಲ ಅಂತಲೂ ಯಾವ ರಿಕ್ರೂಟರೂ ಹೇಳಲಿಲ್ಲ. ಅದೇ ಅವರನ್ನು ಜಾಸ್ತಿ ಸುಟ್ಟಿದ್ದು. ಬೇಡ ಅಂದರೆ ಮನುಷ್ಯ ಮುಂದಿನ ದಾರಿ ನೋಡುತ್ತಾನೆ. ಸುಮ್ನೆ ಬಿಟ್ಟರೆ ಅಲ್ಲೇ ನಿಂತುಬಿಡುತ್ತಾನೆ. ಅಣ್ಣ ಪ್ರತಿ ದಿನ ಬೆಳಿಗ್ಗೆ ಯಾರ್ಡ್‌ಗೆ ಹೋಗಿ ಲಾರಿ ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಕೂತು, ಆಫ್ ಮಾಡಿ ಬರುತ್ತಿದ್ದರು. ರಾತ್ರಿ ಪಾಳಿಗೆ ಒಂದು ಗೋದಾಮಿನಲ್ಲಿ ಕೆಲಸ ಹಿಡಿದಿದ್ದರು.

ಆಗಸ್ಟ್‌ನಲ್ಲಿ ಒಮ್ಮೆ ನನ್ನ ಹತ್ತಿರ ಬಂದಾಗ ನಾನು ಸಮಾಧಾನ ಹೇಳಿದೆ. ಮಾರುಕಟ್ಟೆ ಬಿದ್ದಿದೆ ಅಂದೆ. ಅದು ಸುಳ್ಳಲ್ಲ. 2021ರಲ್ಲಿ ಆಕಾಶಕ್ಕೆ ಏರಿದ್ದ ಬಾಡಿಗೆ ದರ 2022ರಿಂದ ಇಳಿಯುತ್ತಲೇ ಇತ್ತು. 2023ರ ಜುಲೈ ಕೊನೆಗೆ, ಅಣ್ಣ ಲಾರಿ ಕೊಂಡ ಹೊತ್ತಿಗೇ, ಯೆಲ್ಲೋ ಅನ್ನುವ ಹಳೆಯ ದೊಡ್ಡ ಕಂಪನಿ ಬಾಗಿಲು ಹಾಕಿ ಸುಮಾರು 30,000 ಜನರ ಕೆಲಸ ಹೋಗಿತ್ತು. ಚಾಲಕರು ಬೇಕಾದಷ್ಟು, ಲೋಡ್ ಕಡಿಮೆ. ಇಂಥ ಹೊತ್ತಲ್ಲಿ ರಿಕ್ರೂಟರ್ ತಿರುಗಿ ಫೋನ್ ಮಾಡಲಿಲ್ಲ ಅಂದರೆ ಆಶ್ಚರ್ಯ ಏನಿದೆ?

ಆ ಮಾತು ನಿಜವಾಗಿದ್ದರಿಂದಲೇ ನಮ್ಮನ್ನು ದಾರಿ ತಪ್ಪಿಸಿತು. ದೊಡ್ಡ ಕಾರಣ ಒಂದು ಕೈಗೆ ಸಿಕ್ಕಿತ್ತು, ಹಾಗಾಗಿ ಅವರದೇ ಫೈಲ್‌ನಲ್ಲಿ ಏನಾಗಿದೆ ಅಂತ ಇಬ್ಬರೂ ನೋಡಲಿಲ್ಲ. ಒಂದು ತಿಂಗಳು ಹೀಗೇ ಹೋಯಿತು.

ಮಾಡಿ ನೋಡಿದ್ದು

ಮೊದಲು ಅಣ್ಣ ಮಾಡಿದ್ದು ಎಲ್ಲರೂ ಮಾಡುವುದೇ. ಇನ್ನಷ್ಟು ಫಾರ್ಮ್ ತುಂಬಿದರು, ಇನ್ನಷ್ಟು ಫೋನ್ ಮಾಡಿದರು. ಮತ್ತೆ ಎರಡು ದಿನ ಸದ್ದು, ಮತ್ತೆ ಮೌನ. ಗೊತ್ತಿಲ್ಲದ ನಂಬರ್‌ಗಳಿಂದ ಅಷ್ಟೊಂದು ಕರೆ ಬಂದು ವಾಯ್ಸ್‌ಮೇಲ್ ಡಬ್ಬಿ ತುಂಬಿತ್ತು. ಹಗಲು ಅವರು ಮಲಗಿರುವಾಗ ಯಾರಾದರೂ ನಿಜವಾಗಿ ಫೋನ್ ಮಾಡಿದ್ದರೂ ಸಂದೇಶ ಬಿಡಲು ಜಾಗ ಇರಲಿಲ್ಲ. ಇದು ನಮಗೆ ತಿಳಿದದ್ದು ಸೆಪ್ಟೆಂಬರ್‌ನಲ್ಲಿ.

ಎರಡನೆಯದು, ಸಿಟ್ಟಿನಲ್ಲಿ ತೆಗೆದುಕೊಂಡ ನಿರ್ಧಾರ. ಯಾರ ಹಂಗೂ ಬೇಡ, ಸ್ವಂತ ಎಂಸಿ ಮಾಡುತ್ತೇನೆ ಅಂತ 300 ಡಾಲರ್ ಶುಲ್ಕ ಕಟ್ಟಿ ಅರ್ಜಿ ಹಾಕಿದರು. ಇನ್ಶೂರೆನ್ಸ್ ದರ ಕೇಳಿದಾಗ ಕೈಕಾಲು ತಣ್ಣಗಾಯಿತು. ಸಾಮಾನ್ಯ ಸರಕಿಗೆ ಕಾನೂನು ಕೇಳುವ ಕನಿಷ್ಠ ಹೊಣೆ ವಿಮೆ 7,50,000 ಡಾಲರ್. ಬ್ರೋಕರ್‌ಗಳು ಸಾಮಾನ್ಯವಾಗಿ 10 ಲಕ್ಷ ಡಾಲರ್‌ನದು ಕೇಳುತ್ತಾರೆ. ಹೊಸ ಎಂಸಿಗೆ ಅದರ ಕಂತು ಲಾರಿ ಕಂತನ್ನೂ ಮೀರಿಸುತ್ತಿತ್ತು. ಅದೂ ಅಲ್ಲದೆ, ಎಷ್ಟೋ ಬ್ರೋಕರ್‌ಗಳು ಹೊಸ ಎಂಸಿಗೆ ಮೊದಲ ಕೆಲವು ತಿಂಗಳು ಲೋಡ್ ಕೊಡುವುದೇ ಇಲ್ಲ. ಅಲ್ಲಿಗೆ ಅದನ್ನು ಕೈಬಿಟ್ಟರು.

ಮೂರನೆಯದರಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸೆಪ್ಟೆಂಬರ್ ಮಧ್ಯದಲ್ಲಿ ಒಬ್ಬ ರಿಕ್ರೂಟರ್ ಮಾತ್ರ ಬಿಡದೆ ಫೋನ್ ಮಾಡತೊಡಗಿದ. ಸಣ್ಣ ಕಂಪನಿ. ಬಾಡಿಗೆಯಲ್ಲಿ ನೂರಕ್ಕೆ 85 ಪಾಲು ನಿಮಗೆ, ನಾಳೆಯೇ ಲೋಡ್. ಎಸ್ಕ್ರೋ ಅಂತ 2,500 ಡಾಲರ್ ಠೇವಣಿ ಮೊದಲು ಕೊಡಬೇಕು. ಅಣ್ಣನ ಮುಖದಲ್ಲಿ ಅವತ್ತು ಬೆಳಕು ಬಂದಿತ್ತು. ಆರು ವಾರ ಆದ ಮೇಲೆ ಒಬ್ಬರಾದರೂ ಹೆಸರು ಹಿಡಿದು ಕರೆದಿದ್ದರು, ಅಲ್ವಾ?

ಲೀಸ್ ಒಪ್ಪಂದದ ಪ್ರತಿ ಮೇಲ್ ಮಾಡಲು ಹೇಳಿ ಅಂದೆ. ಬಂದು ಸಹಿ ಹಾಕುವಾಗ ನೋಡಬಹುದು ಅಂತ ಉತ್ತರ. ಮತ್ತೆ ಕೇಳಿದಾಗಲೂ ಅದೇ. ಇಲ್ಲಿನ ಕೇಂದ್ರ ನಿಯಮದಲ್ಲಿ, 49 ಸಿಎಫ್‌ಆರ್ 376ನೇ ಭಾಗದಲ್ಲಿ, ಲೀಸ್‌ನಲ್ಲಿ ಏನೇನು ಬರೆದಿರಲೇಬೇಕು ಅಂತ ಸ್ಪಷ್ಟವಾಗಿದೆ. ಹಣ ಹೇಗೆ ಲೆಕ್ಕ ಹಾಕುತ್ತಾರೆ, ಯಾವುದನ್ನೆಲ್ಲ ಮುರಿದುಕೊಳ್ಳುತ್ತಾರೆ, ಎಸ್ಕ್ರೋ ಯಾತಕ್ಕೆ, ಯಾವಾಗ ವಾಪಸ್. ಲೀಸ್ ಮುಗಿದ 45 ದಿನದೊಳಗೆ ಎಸ್ಕ್ರೋ ಹಿಂದಿರುಗಿಸಬೇಕು. ಟ್ರಿಪ್‌ನ ಕಾಗದ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು. ಪಾಲಿನ ಲೆಕ್ಕದಲ್ಲಿ ದುಡಿಯುವವರಿಗೆ ಗ್ರಾಹಕನಿಗೆ ಹಾಕಿದ ಬಿಲ್‌ನ ಪ್ರತಿ ನೋಡುವ ಹಕ್ಕಿದೆ. ಇದನ್ನೆಲ್ಲ ಬರೆದಿರುವ ಕಾಗದವನ್ನು ಮುಂಚೆ ತೋರಿಸಲು ಒಪ್ಪದವರಿಗೆ 2,500 ಡಾಲರ್ ಕೊಡುವುದು ಹೇಗೆ?

ಅಣ್ಣ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. "ಎಲ್ಲರೂ ಬಿಟ್ಟಿದ್ದಾರೆ, ಇವನೊಬ್ಬ ಕರೆಯುತ್ತಿದ್ದಾನೆ, ಇವನನ್ನೂ ಬಿಡಲಾ?" ಅಂತ ಕೇಳಿದರು. ನಾನು ಬೇಡ ಅಂತ ಒತ್ತಿ ಹೇಳಲಿಲ್ಲ. ದುಡ್ಡು ಅವರದು, ಹಸಿವೂ ಅವರದು. ಕೊನೆಗೆ ಅವರೇ ಬೇಡ ಅಂದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕಷ್ಟದ ನಿರ್ಧಾರ ಅದೇ ಅಂತ ನನಗೆ ಅನಿಸುತ್ತದೆ. ಅದಾದ ಮೇಲೆ ನಾವು ಹುಡುಕುವ ರೀತಿ ಬದಲಾಯಿತು.

ತಿರುವು

ನಾವು ಅಣ್ಣನ ಮೇಲ್ ಡಬ್ಬಿ ತೆರೆದು ಜುಲೈನಿಂದ ಬಂದ ಒಂದೊಂದನ್ನೂ ಓದಿದೆವು. ನೂರಾರು ಜಾಹೀರಾತುಗಳ ನಡುವೆ ಆಗಸ್ಟ್‌ನ ಒಂದು ಮೇಲ್ ಇತ್ತು. ಒಂದು ಕಂಪನಿ ಅರ್ಜಿಯನ್ನು ಮುಂದುವರಿಸುತ್ತಿಲ್ಲ, ಅದಕ್ಕೆ ಒಂದು ವರದಿಯ ಮಾಹಿತಿಯೂ ಕಾರಣ, ಅದರ ಪ್ರತಿಯನ್ನು ನೀವು ಕೇಳಿ ಪಡೆಯಬಹುದು ಅಂತ. ಅಣ್ಣ ಅದನ್ನು ಜಾಹೀರಾತು ಅಂದುಕೊಂಡು ತೆರೆದೇ ಇರಲಿಲ್ಲ.

ಆ ವರದಿಗೆ ಲಾರಿಯವರು ಡ್ಯಾಕ್ ಅಂತಾರೆ. ಚಾಲಕ ಹಿಂದೆ ಕೆಲಸ ಮಾಡಿದ ಕಂಪನಿಗಳು ಅವರ ಬಗ್ಗೆ ಬರೆದದ್ದು ಅದರಲ್ಲಿ ಇರುತ್ತದೆ. ಹೈರ್‌ರೈಟ್ ಅನ್ನುವ ಸಂಸ್ಥೆ ಅದನ್ನು ಇಟ್ಟುಕೊಂಡಿರುತ್ತದೆ. ವರ್ಷಕ್ಕೊಮ್ಮೆ ಚಾಲಕರು ಪುಕ್ಕಟೆ ಪ್ರತಿ ತರಿಸಿಕೊಳ್ಳಬಹುದು. ಜೊತೆಗೆ 10 ಡಾಲರ್ ಕೊಟ್ಟು ಪಿಎಸ್‌ಪಿ ವರದಿಯನ್ನೂ ತೆಗೆಸಿದೆವು. ಅದರಲ್ಲಿ 5 ವರ್ಷದ ಅಪಘಾತ, 3 ವರ್ಷದ ರಸ್ತೆ ತಪಾಸಣೆ ಇರುತ್ತದೆ. ಪಿಎಸ್‌ಪಿ ಪೂರ್ತಿ ಸ್ವಚ್ಛವಾಗಿತ್ತು. ಡ್ಯಾಕ್‌ನಲ್ಲಿ ಹಳೆಯ ಕಂಪನಿ ಎರಡು ಸಾಲು ಬರೆದಿತ್ತು. ಲಾರಿಯನ್ನು ಎಲ್ಲೋ ಬಿಟ್ಟು ಹೋಗಿದ್ದಾರೆ. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ.

ಲಾರಿ ಬಿಟ್ಟು ಹೋದವನು ಅನ್ನುವ ಸಾಲು ಈ ಕಸುಬಿನಲ್ಲಿ ದೊಡ್ಡ ಕಳಂಕ. ಅದನ್ನು ಕಂಡ ರಿಕ್ರೂಟರ್ ವಾದ ಮಾಡುತ್ತಾ ಕೂರುವುದಿಲ್ಲ. ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತಾರೆ. ಅಣ್ಣ ಆ ಎರಡು ಸಾಲನ್ನು ನಾಲ್ಕೈದು ಸಲ ಓದಿದರು. "ಅವ್ವನ್ನ ನೋಡಾಕ ಹೋಗಿದ್ದೆ. ಕೀಲಿ ಕೈಯಾಗ ಕೊಟ್ಟೇ ಹೋಗಿದ್ದೆ" ಅಂದರು. ಅಷ್ಟೇ ಮಾತು.

ಅದೃಷ್ಟಕ್ಕೆ ಸಾಕ್ಷಿ ಇತ್ತು. ಡಿಸ್ಪ್ಯಾಚರ್ "ಆ ಯಾರ್ಡ್‌ನಲ್ಲೇ ನಿಲ್ಲಿಸಿ, ಅವ್ವನನ್ನು ನೋಡಿಕೊಳ್ಳಿ" ಅಂತ ಕಳಿಸಿದ ಮೆಸೇಜ್ ಫೋನ್‌ನಲ್ಲಿ ಉಳಿದಿತ್ತು. ಯಾರ್ಡ್ ಗೇಟ್‌ನಲ್ಲಿ ಕೊಟ್ಟ ಚೀಟಿಯ ಫೋಟೋ ಇತ್ತು. ವಿಮಾನದ ಟಿಕೆಟ್ ಇತ್ತು. ಮೂರನ್ನೂ ಸೇರಿಸಿ ಆ ದಾಖಲೆ ತಪ್ಪು ಅಂತ ತಕರಾರು ಹಾಕಿದೆವು. ಇಂಥ ತಕರಾರನ್ನು ಸಾಮಾನ್ಯವಾಗಿ 30 ದಿನದೊಳಗೆ ವಿಚಾರಿಸಬೇಕು.

ಕಾಯುತ್ತಾ ಕೂರಲಿಲ್ಲ. ಅರ್ಜಿಯಲ್ಲಿ ಇನ್ನೊಂದು ತೂತು ಇತ್ತು. ಕ್ಲಾಸ್ ಎ ಚಾಲಕರು ಅರ್ಜಿಯಲ್ಲಿ ಹಿಂದಿನ 10 ವರ್ಷದ ಕೆಲಸದ ವಿವರ ಕೊಡಬೇಕು. ಅಣ್ಣ ಫೆಬ್ರವರಿಯಿಂದ ಜೂನ್‌ವರೆಗಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಕೆಲಸ ಮಾಡಿಲ್ಲವಲ್ಲ, ಏನು ಬರೆಯುವುದು ಅಂತ. ಕೊಲ್ಲಿಯ ವರ್ಷಗಳನ್ನೂ ಬಿಟ್ಟಿದ್ದರು, ಇಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಕೇಳಿದ್ದರಿಂದ. ಇನ್ಶೂರೆನ್ಸ್‌ನವರು ಅನುಭವ ಅಂತ ಹಿಡಿಯದಿರಬಹುದು. ಆದರೆ ಖಾಲಿ ಜಾಗ ನೋಡಿದವರಿಗೆ ಏನೋ ಮುಚ್ಚಿಟ್ಟಂತೆ ಕಾಣುತ್ತದೆ. ನಾವು ಒಂದೇ ಪುಟದ ಪತ್ರ ಬರೆದೆವು. ಯಾವ ದಿನದಿಂದ ಯಾವ ದಿನದವರೆಗೆ ಎಲ್ಲಿ, ಯಾಕೆ. ಪಾಸ್‌ಪೋರ್ಟ್ ಮುದ್ರೆ, ಅವ್ವನ ಆಸ್ಪತ್ರೆ ಚೀಟಿ, ಹಳೆಯ ಕಂಪನಿಯ ಡಬ್ಲ್ಯು-2 ಸಂಬಳ ಪತ್ರ ಎಲ್ಲವನ್ನೂ ಒಂದು ಫೋಲ್ಡರ್‌ಗೆ ಹಾಕಿದೆವು.

ಸೆಪ್ಟೆಂಬರ್ ಕೊನೆಯ ವಾರ ಫೋನ್ ಮಾಡುವ ರೀತಿಯನ್ನೂ ಬದಲಿಸಿದೆವು. ಅದುವರೆಗೂ ಅಣ್ಣ ಅದೇ ರಿಕ್ರೂಟರ್‌ನ ನೇರ ನಂಬರ್‌ಗೆ ಮಾಡಿ "ಏನಾಯ್ತು ಸಾರ್?" ಅಂತ ಕೇಳುತ್ತಿದ್ದರು. ಈಗ ಕಂಪನಿಯ ಮುಖ್ಯ ನಂಬರ್‌ಗೆ ಮಾಡಿ ಸೇಫ್ಟಿ ವಿಭಾಗ ಕೊಡಿ ಅಂದರು. ಚಾಲಕರ ಕಾಗದಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುವವರು, ಬಿಡುವವರು ಅವರೇ. ಪ್ರಶ್ನೆಯೂ ಬದಲಾಯಿತು. "ನನ್ನ ಫೈಲ್ ಯಾವ ಹಂತದಲ್ಲಿ ನಿಂತಿದೆ? ನನ್ನ ಕಡೆಯಿಂದ ಏನು ಬರಬೇಕು?"

ಒಂಬತ್ತರಲ್ಲಿ ಐದು ಕಡೆ ಮನುಷ್ಯರು ಸಿಕ್ಕರು. ಎರಡು ಕಡೆ ಲಾರಿ ಮಾಡೆಲ್ ಹಳೆಯದು, ಆಗುವುದಿಲ್ಲ ಅಂದರು. ಎರಡು ಕಡೆ ಡ್ಯಾಕ್ ಸರಿಯಾದ ಮೇಲೆ ನೋಡೋಣ ಅಂದರು. ಐದನೇ ಕಡೆ ಒಬ್ಬ ಹೆಂಗಸು ಫೈಲ್ ತೆರೆದು ನೋಡಿ ಹೇಳಿದರು: ನಿಮ್ಮ ರಿಕ್ರೂಟರ್ ಕೆಲಸ ಬಿಟ್ಟು ಒಂದು ತಿಂಗಳಾಯಿತು. ನಿಮ್ಮ ಫೈಲ್ ಕ್ಲಿಯರಿಂಗ್‌ಹೌಸ್ ಒಪ್ಪಿಗೆಗೆ ಕಾಯುತ್ತಾ ಹಾಗೇ ಇದೆ. ನೀವೇ ಉತ್ತರ ಕೊಟ್ಟಿಲ್ಲ.

ಮಾತು ಮುಗಿಯಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ.

ಕ್ಲಿಯರಿಂಗ್‌ಹೌಸ್ ಅಂದರೆ ಚಾಲಕರ ಮಾದಕ ವಸ್ತು ಮತ್ತು ಮದ್ಯ ಪರೀಕ್ಷೆಯ ಉಲ್ಲಂಘನೆಗಳನ್ನು ಇಡುವ ಕೇಂದ್ರದ ದಾಖಲೆ. 2020ರ ಜನವರಿ 6ರಿಂದ ಇದೆ. ಹೊಸ ಚಾಲಕರನ್ನು ಓಡಿಸುವ ಮುಂಚೆ ಕಂಪನಿ ಅದನ್ನು ನೋಡಲೇಬೇಕು. ನೋಡಲು ಚಾಲಕರೇ ಅದರ ತಾಣದಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಡಬೇಕು. ಅಣ್ಣ ಹಳೆಯ ಕಂಪನಿ ಸೇರಿದ್ದು 2019ರಲ್ಲಿ. ಹಾಗಾಗಿ ಅಲ್ಲಿ ಖಾತೆ ತೆರೆಯುವ ಸಂದರ್ಭವೇ ಬಂದಿರಲಿಲ್ಲ. ಖಾತೆ ಇಲ್ಲದವರಿಗೆ ಲೈಸೆನ್ಸ್‌ನಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಪತ್ರ ಹೋಗುತ್ತದೆ. ಅಣ್ಣನ ಲೈಸೆನ್ಸ್‌ನಲ್ಲಿ ಇದ್ದದ್ದು ಎರಡು ವರ್ಷದ ಹಿಂದೆ ಬಿಟ್ಟ ಅಪಾರ್ಟ್‌ಮೆಂಟ್.

ಅಂದರೆ ಒಂದು ಕಡೆಯಲ್ಲಾದರೂ ಅವರು ಇವರಿಗಾಗಿ ಕಾಯುತ್ತಿದ್ದರು, ಇವರು ಅವರಿಗಾಗಿ ಕಾಯುತ್ತಿದ್ದರು. ನಡುವೆ ಇದ್ದ ಒಬ್ಬ ಮನುಷ್ಯ ಎದ್ದು ಹೋಗಿದ್ದ.

ಏನಾಯಿತು

ಅವತ್ತೇ ಖಾತೆ ತೆರೆದು ಒಪ್ಪಿಗೆ ಕೊಟ್ಟರು. ಲೈಸೆನ್ಸ್ ವಿಳಾಸ ಬದಲಿಸಿದರು. ಫೋಲ್ಡರ್ ಪೂರ್ತಿ ಸೇಫ್ಟಿಯವರಿಗೆ ಕಳಿಸಿದರು, ಡ್ಯಾಕ್ ತಕರಾರಿನ ಪ್ರತಿಯೂ ಸೇರಿ. ಅವರು ಕೇಳುವ ಮುಂಚೆಯೇ ಕೆಟ್ಟ ಸಾಲನ್ನು ತೋರಿಸಿದ್ದು ಒಳ್ಳೆಯದಾಯಿತು. ಅಕ್ಟೋಬರ್ ಮಧ್ಯದಲ್ಲಿ ತಕರಾರಿನ ಉತ್ತರ ಬಂತು. ಲಾರಿ ಬಿಟ್ಟು ಹೋದ ಸಾಲು ತೆಗೆದಿದ್ದರು. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವ ಸಾಲು ಹಾಗೇ ಉಳಿಯಿತು. ಅದಕ್ಕೆ ಅಣ್ಣ ತಮ್ಮ ಕಡೆಯ ಚಿಕ್ಕ ಹೇಳಿಕೆ ಸೇರಿಸಿದರು.

ಲಾರಿಯ ವಾರ್ಷಿಕ ತಪಾಸಣೆ ಆಯಿತು. ಲೀಸ್ ಪ್ರತಿ ಒಂದು ವಾರ ಮುಂಚೆ ಮೇಲ್‌ನಲ್ಲಿ ಬಂತು, ಕೂತು ಓದಿದೆವು. ಪಾಲು ನೂರಕ್ಕೆ 72. ಆ ಸಣ್ಣ ಕಂಪನಿಯ 85ಕ್ಕಿಂತ ಕಡಿಮೆ. ಆದರೆ ಟ್ರೇಲರ್ ಕಂಪನಿಯದು, ಎಸ್ಕ್ರೋವನ್ನು ವಾರ ವಾರ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತಾರೆ. ಅಕ್ಟೋಬರ್ ಕೊನೆಗೆ ಓರಿಯೆಂಟೇಶನ್. ಆ ವಾರವೇ ಮೊದಲ ಲೋಡ್.

ಲಾರಿ ಮೂರು ತಿಂಗಳು ನಿಂತಿತ್ತು. ಕಂತು 3,450, ಪಾರ್ಕಿಂಗ್ 525, ಲಾರಿಯ ಮೇಲಿನ ವಿಮೆ 570, ಎಂಸಿ ಅರ್ಜಿಯ 300. ಒಟ್ಟು 4,845 ಡಾಲರ್. ದುಡಿಯದೆ ಹೋದ ದಿನಗಳ ಲೆಕ್ಕ ಇದರಲ್ಲಿ ಇಲ್ಲ.

ಈಗ ಹೊಸಬರಿಗೆ ನಾನು ಹೇಳುವುದು

ಈ ಪ್ರಕರಣದ ಮೇಲೆ ನನ್ನ ಕೆಲಸದ ಕ್ರಮ ಬದಲಾಗಿದೆ. ಯಾರಾದರೂ ಲಾರಿ ಸಾಲದ ಕಾಗದ ಹಿಡಿದು ಬಂದರೆ ಮೊದಲು ಅದನ್ನು ಪಕ್ಕಕ್ಕೆ ಇಡಿಸುತ್ತೇನೆ. ಡ್ಯಾಕ್, ಪಿಎಸ್‌ಪಿ ತರಿಸಿ ಓದುತ್ತೇವೆ. ಡ್ಯಾಕ್ ತಕರಾರು ಮುಗಿಯಲು ಒಂದು ತಿಂಗಳು ಹಿಡಿಯಬಹುದು. ಆ ತಿಂಗಳು ಲಾರಿ ಕೊಳ್ಳುವ ಮುಂಚೆ ಹೋದರೆ ಖರ್ಚಿಲ್ಲ. ಕೊಂಡ ಮೇಲೆ ಹೋದರೆ ಒಂದು ಕಂತು. ಕ್ಲಿಯರಿಂಗ್‌ಹೌಸ್ ಖಾತೆ ಇದೆಯಾ, ಲೈಸೆನ್ಸ್ ವಿಳಾಸ ಈಗಿನದಾ ಅಂತ ನೋಡುತ್ತೇವೆ. ಎರಡು ಮೂರು ಕಂಪನಿ ಆರಿಸಿ, ಎಷ್ಟು ಹಳೆಯ ಲಾರಿ ಒಪ್ಪುತ್ತೀರಿ ಅಂತ ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳುತ್ತೇವೆ. ಆಮೇಲೆ ಲಾರಿ.

ರಿಕ್ರೂಟರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಕಡೆ ಅವರ ಗಳಿಕೆ ಓರಿಯೆಂಟೇಶನ್‌ಗೆ ಎಷ್ಟು ಜನ ಬಂದರು ಅನ್ನುವುದರ ಮೇಲೆ ನಿಂತಿರುತ್ತದೆ. ತೊಡಕಿನ ಫೈಲ್ ಮೇಲೆ ಕೂರಲು ಅವರಿಗೆ ಪುರುಸೊತ್ತಿಲ್ಲ. ಆದರೆ ಇಲ್ಲ ಅನ್ನುವ ಒಂದು ಸಾಲು ಬರೆದಿದ್ದರೆ ಅಣ್ಣನಿಗೆ ಎರಡು ಕಂತು ಉಳಿಯುತ್ತಿತ್ತು ಅನ್ನುವುದನ್ನು ಮರೆಯಲು ನನಗೆ ಆಗುವುದಿಲ್ಲ. ಈಗ ನಾವು ಒಂದು ಲೆಕ್ಕ ಇಟ್ಟುಕೊಂಡಿದ್ದೇವೆ. ಅರ್ಜಿ ಹಾಕಿ ಮೂರು ಕೆಲಸದ ದಿನ ಆದ ಮೇಲೆ ರಿಕ್ರೂಟರ್‌ಗೆ ಒಂದು ಫೋನ್, ಒಂದು ಮೇಲ್. ಒಂದು ವಾರ ಆದರೆ ಸೇಫ್ಟಿಗೆ. ಅಲ್ಲೂ ಉತ್ತರ ಇಲ್ಲದಿದ್ದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕುತ್ತೇವೆ.

ನವೆಂಬರ್‌ನಲ್ಲಿ ಅಣ್ಣ ಮೊದಲ ತಿಂಗಳ ಸೆಟಲ್‌ಮೆಂಟ್ ಹಾಳೆಗಳನ್ನು, ಅಂದರೆ ಕಂಪನಿ ಕೊಟ್ಟ ಹಣದ ಲೆಕ್ಕವನ್ನು, ತಂದರು. ಒಂದು ಟ್ರಿಪ್‌ನಲ್ಲಿ ಡೀಸೆಲ್ ಸರ್‌ಚಾರ್ಜ್, ಅಂದರೆ ಡೀಸೆಲ್ ಖರ್ಚಿಗೆ ಅಂತ ಬಾಡಿಗೆ ಜೊತೆ ಕೊಡುವ ಹಣ, ಸೇರಿರಲಿಲ್ಲ. ಗ್ರಾಹಕನ ಬಿಲ್ ಪ್ರತಿ ಕೇಳಿ ಅವರೇ ಮೇಲ್ ಬರೆದರು, ನನ್ನಿಂದ ಬರೆಸಲಿಲ್ಲ. ಮುಂದಿನ ಶುಕ್ರವಾರದ ಹಾಳೆಯಲ್ಲಿ ಆ ಹಣ ಸೇರಿ ಬಂತು.